ರದ್ದಿಗೆ ಹಾಕುವ ಮೊದಲು

ಬ್ಯಾಂಕಿನಲ್ಲಿ ಕೂತವರಿಗೆ ಕಾಗದದಲ್ಲಿ ಎರಡೇ ಜಾತಿ: ಅವಧಿ ಇರುವುದು, ಅವಧಿ ಮುಗಿದದ್ದು. ಮುಗಿದದ್ದೆಲ್ಲ ರದ್ದಿ. ಇತಿಹಾಸದ ಲೆಕ್ಕ ಮಾತ್ರ ಇದಕ್ಕೆ ಉಲ್ಟಾ.

ನಮ್ಮ ಮುಂಬಯಿಯನ್ನೇ ನೋಡಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಆ ದುಡ್ಡೆಲ್ಲ ಹೊಸ ಕಂಪನಿಗಳ ಷೇರಿಗೆ ಹರಿಯಿತು. ಸಮುದ್ರ ತುಂಬಿ ನೆಲ ಮಾಡಲು ಹೊರಟ ಬ್ಯಾಕ್‌ಬೇ ಕಂಪನಿಯ 5,000 ರೂಪಾಯಿಯ ಷೇರು 50,000ದ ಹತ್ತಿರ ಹೋಯಿತು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿ ಬಿತ್ತು, ಷೇರುಗಳೂ ಬಿದ್ದವು. ಅವುಗಳ ಮೇಲೆ ಸಾಲ ಕೊಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ ಮುಳುಗಿ, 1868ರಲ್ಲಿ ಅದೇ ಹೆಸರಿನ ಹೊಸ ಬ್ಯಾಂಕ್ ಕಟ್ಟಬೇಕಾಯಿತು. ಅಂದು ಕಣ್ಣೀರು ತರಿಸಿದ ಅಂಥ ಷೇರುಪತ್ರ ಇಂದು ಸಿಕ್ಕರೆ ಸಂಗ್ರಾಹಕರು ಬಿಡುವುದಿಲ್ಲ. ಈ ಹವ್ಯಾಸಕ್ಕೆ ಸ್ಕ್ರಿಪೊಫಿಲಿ ಎನ್ನುತ್ತಾರೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ 1606ರ ಷೇರುಪತ್ರವೊಂದು 2010ರಲ್ಲಿ ಹಾಲೆಂಡಿನ ದಫ್ತರಖಾನೆಯೊಂದರಲ್ಲಿ ವಿದ್ಯಾರ್ಥಿಯೊಬ್ಬನ ಕೈಗೆ ಸಿಕ್ಕಿತು!

ನನಗೆ ಷೇರಿಗಿಂತ ಹುಂಡಿಯ ಮೇಲೆ ಪ್ರೀತಿ ಜಾಸ್ತಿ. ತೋರಿಸಿದೊಡನೆ ಹಣ ಕೊಡಬೇಕಾದದ್ದು ದರ್ಶನಿ, ಗಡುವಿನದು ಮುದ್ದತಿ. ಸರಕು ಊರು ಮುಟ್ಟಿದರೆ ಮಾತ್ರ ಹಣ ಎನ್ನುವ ಜೋಖಮಿ ಹುಂಡಿಯಲ್ಲಿ ವಿಮೆಯೂ ಸೇರಿತ್ತು. ಮೊತ್ತ ತಿದ್ದದಂತೆ ‘ನೂರು, ಅಂದರೆ ಐವತ್ತರ ಎರಡು ಪಟ್ಟು’ ಎಂದು ಬರೆಯುತ್ತಿದ್ದರು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ ಕೂಡ ಹುಂಡಿಗಳ ಸ್ಥಳೀಯ ರೂಢಿಯನ್ನು ಮುಟ್ಟಲಿಲ್ಲ.

ನಮ್ಮ ದೂರದ ಸಂಬಂಧಿಕರ ಮನೆ ಪಾಲಾದಾಗ ಅಜ್ಜನ ಕಾಲದ ಹತ್ತಿ ಅಡತಿಯ ಹುಂಡಿ, ಕೀರ್ದಿ, ಖಾತೆಪುಸ್ತಕ ಎಲ್ಲವೂ ಕಿಲೋ ಲೆಕ್ಕದಲ್ಲಿ ಹೋದವು. ಯಾವ ಊರಿನವರೊಡನೆ, ಎಷ್ಟು ಬಡ್ಡಿಗೆ ವ್ಯವಹಾರವಿತ್ತೆಂದು ಹೇಳುವವರು ಆ ಮನೆಯಲ್ಲಿ ಈಗ ಯಾರೂ ಇಲ್ಲ.

ನಿಮ್ಮ ಅಟ್ಟದಲ್ಲೂ ಇಂಥ ಪೆಟ್ಟಿಗೆ ಇದ್ದರೆ ಸ್ವಲ್ಪ ತಡೆಯಿರಿ. ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ. ಷೇರುಪತ್ರವಾದರೆ ಮೊದಲು ಕಂಪನಿ ಬದುಕಿದೆಯೇ ವಿಚಾರಿಸಿ. ಏಳು ವರ್ಷ ಡಿವಿಡೆಂಡ್ ಪಡೆಯದ ಷೇರುಗಳು ಸರ್ಕಾರದ ಐಇಪಿಎಫ್ ನಿಧಿಗೆ ಹೋಗಿದ್ದರೂ ವಾರಸುದಾರರು ಅರ್ಜಿ ಹಾಕಿ ಪಡೆಯಬಹುದು. 75 ವರ್ಷ ದಾಟಿದ, ಐತಿಹಾಸಿಕ ಮಹತ್ವದ ದಾಖಲೆ 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತು. ಅದನ್ನು ವಿದೇಶಕ್ಕೆ ಮಾರಿಕೊಳ್ಳುವಂತಿಲ್ಲ.

2020ರಲ್ಲಿ ನಮ್ಮ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳ ಹೆಸರೂ ಬೋರ್ಡಿನಿಂದ ಇಳಿದವು. ಅವುಗಳ ಪಾಸ್‌ಬುಕ್ ಮನೆಯಲ್ಲಿದ್ದರೆ ಜೋಪಾನವಾಗಿಡಿ, ಬ್ಯಾಲೆನ್ಸ್ ಸೊನ್ನೆಯಾಗಿದ್ದರೂ ಸರಿ.