ಕಡಲ ಹಿಮದ ಕಡತ

ಬಿಳಿಗೆರೆ ಸುತ್ತಿನ ತೆಂಗಿನ ಸೀಮೆಯಲ್ಲಿ ಕೆರೆಯ ಚರಿತ್ರೆ ಕೇಳಿದರೆ ಜನ ಕೋಡಿ ಬಿದ್ದ ವರ್ಷ ಹೇಳುತ್ತಾರೆ, ಇಲ್ಲವೇ ತೋಟ ಒಣಗಿದ ವರ್ಷ. ನಡುವಿನ ವರ್ಷಗಳಲ್ಲಿ ನೀರು ಎಷ್ಟಿತ್ತೆಂದು ಯಾರೂ ನೆನಪಿಟ್ಟಿರುವುದಿಲ್ಲ. ಧ್ರುವಗಳ ಕಡಲ ಹಿಮದ ಹಳೆಯ ದಾಖಲೆಗಳೂ ಬಹುಮಟ್ಟಿಗೆ ಇಂಥವೇ: ಹಡಗು ಸಿಕ್ಕಿಬಿದ್ದ ವರ್ಷ, ದಾರಿ ಬಿಟ್ಟ ವರ್ಷ.

ಎಡೆಬಿಡದ ಲೆಕ್ಕ ಶುರುವಾದದ್ದು 1978ರ ಅಕ್ಟೋಬರ್‌ನಲ್ಲಿ, ಅಮೆರಿಕದ ನಿಂಬಸ್-7 ಉಪಗ್ರಹ ಹಾರಿದ ಮೇಲೆ. ಧ್ರುವದಲ್ಲಿ ತಿಂಗಳುಗಟ್ಟಲೆ ಕತ್ತಲೆ, ಬೆಳಕಿದ್ದಾಗ ಮೋಡ. ಸಾಮಾನ್ಯ ಕ್ಯಾಮೆರಾದಿಂದ ಆಗುವ ಕೆಲಸವಲ್ಲ. ಆದರೆ ವಸ್ತುಗಳೆಲ್ಲ ತಾವಾಗಿಯೇ ಮಂದವಾಗಿ ಮೈಕ್ರೋವೇವ್ ಹೊರಸೂಸುತ್ತವೆ. ಇದರಲ್ಲಿ ನೀರಿಗಿಂತ ಮಂಜುಗಡ್ಡೆಯದೇ ಮೇಲುಗೈ. ಹಾಗಾಗಿ ಮಾಪಕದ ಕಣ್ಣಿಗೆ ಕೊರೆಯುವ ಹಿಮವೇ ಬೆಳ್ಳಗೆ, ಕಡಲು ಕಪ್ಪಗೆ.

ಎಂಟು ತಿಂಗಳೊಳಗೆ, 1979ರ ಜೂನ್ 7ರಂದು, ನಮ್ಮ ಭಾಸ್ಕರ-1 ಕೂಡ ಮೈಕ್ರೋವೇವ್ ಮಾಪಕ ಹೊತ್ತು ಸೋವಿಯತ್ ರಾಕೆಟ್ ಏರಿತು. ಅದನ್ನು ಕಟ್ಟಿದ್ದು ಬೆಂಗಳೂರಿನಲ್ಲಿ, ಉಡುಪಿ ಜಿಲ್ಲೆಯ ಅದಮಾರಿನವರಾದ ಯು.ಆರ್. ರಾವ್ ನೇತೃತ್ವದಲ್ಲಿ. ಅದರ ಪಥ ಮಾತ್ರ 51 ಡಿಗ್ರಿ ಅಕ್ಷಾಂಶ ದಾಟುತ್ತಿರಲಿಲ್ಲ. ಧ್ರುವ ಕಾಣುವ ಮಾತೇ ಇಲ್ಲ. ಅದು ಸಾಧ್ಯವಾದದ್ದು ಇಪ್ಪತ್ತು ವರ್ಷದ ಮೇಲೆ. 1999ರ ಮೇ 26ರಂದು ಹಾರಿದ ಓಷನ್‌ಸ್ಯಾಟ್-1ರ ಮಾಪಕದಿಂದ ನಮ್ಮ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಕಡಲ ಹಿಮದ ಹರವನ್ನು ಅಳೆದರು. ರಾಕೆಟ್‌ಗಳ ಸಂಭ್ರಮದಲ್ಲಿ ನಾವು ಈ ಅಧ್ಯಾಯವನ್ನು ಮರೆತೇಬಿಟ್ಟಿದ್ದೇವೆ ಎಂದು ನನಗನ್ನಿಸುತ್ತದೆ.

ಉತ್ತರದ ಕಥೆ ನೇರ. ಆರ್ಕ್ಟಿಕ್‌ನಲ್ಲಿ ವರ್ಷದ ಕನಿಷ್ಠ ಹರವು 1979ರಲ್ಲಿ ಸುಮಾರು 69 ಲಕ್ಷ ಚದರ ಕಿಲೋಮೀಟರ್. 2012ರಲ್ಲಿ ಸುಮಾರು 34 ಲಕ್ಷ. ದಕ್ಷಿಣದ್ದು ಹಾಗಲ್ಲ. ಅಲ್ಲಿ 2014ರವರೆಗೆ ಹಿಮ ಏರಿಳಿಯುತ್ತಲೇ ತುಸು ಹೆಚ್ಚಿತು, 2016ರಲ್ಲಿ ದಿಢೀರನೆ ಕುಸಿಯಿತು, 2023ರ ಫೆಬ್ರವರಿಯಲ್ಲಿ ಅಲ್ಲಿಯವರೆಗಿನ ಕನಿಷ್ಠ ಮಟ್ಟ ಮುಟ್ಟಿತು. 2014ಕ್ಕೇ ಯಾರಾದರೂ ಕಡತ ಮುಚ್ಚಿದ್ದರೆ, ದಕ್ಷಿಣ ಕ್ಷೇಮವಾಗಿದೆ ಎಂದೇ ಬರೆದಿಡುತ್ತಿದ್ದರು.

ಕಡತ ಹರಿಯದೆ ಉಳಿದದ್ದೂ ಕೂದಲೆಳೆಯಲ್ಲಿ. ಅಳತೆಗೋಲು ಬದಲಿಸುವಾಗ ಹಳೆಯದನ್ನೂ ಹೊಸದನ್ನೂ ಜೊತೆಗಿಟ್ಟು ಸರಿದೂಗಿಸಬೇಕು. 1987ರಲ್ಲಿ ನಿಂಬಸ್-7ರ ಮಾಪಕ ನಿಲ್ಲುವ ಮುನ್ನ ಮುಂದಿನ ಮಾಪಕದೊಂದಿಗೆ ಅದಕ್ಕೆ ಸಿಕ್ಕಿದ್ದು ಆರೇ ವಾರ. 2025ರ ಜೂನ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಹಳೆಯ ಉಪಗ್ರಹಗಳ ಮಾಹಿತಿ ಹಂಚುವುದನ್ನು ಕೆಲವೇ ದಿನಗಳಲ್ಲಿ ನಿಲ್ಲಿಸುವುದಾಗಿ ಪ್ರಕಟಿಸಿತು, ಆಮೇಲೆ ಮುಂದೂಡಿತು. ಅಷ್ಟರಲ್ಲಿ ಹಿಮದ ಲೆಕ್ಕ ಇಡುವವರು ಜಪಾನಿನ ಉಪಗ್ರಹವೊಂದರ ಕಡೆ ತಿರುಗಿದ್ದರು.