ಎಂಟನೆಯ ಸರ್ಕ್ಯೂಟಿನ ವಕೀಲ: ಲಿಂಕನ್ನರ ದಿನಚರಿ ಮತ್ತು ರಾಜಕೀಯ

ಅಬ್ರಹಾಂ ಲಿಂಕನ್ನರ ಜೀವನಚರಿತ್ರೆಗಳಲ್ಲಿ ವಕೀಲಿಗೆ ಬಹುಕಾಲ ದೊರೆತದ್ದು ಮರದ ಗುಡಿಸಲಿಗೂ ಶ್ವೇತಭವನಕ್ಕೂ ನಡುವಿನ ಒಂದು ಅಧ್ಯಾಯ ಮಾತ್ರ. ಇಲಿನಾಯ್ಸಿನ ಜಿಲ್ಲಾ ಕೋರ್ಟುಗಳ ದಫ್ತರಗಳನ್ನು ವರ್ಷಗಟ್ಟಲೆ ಜಾಲಾಡಿ 2000ದಲ್ಲಿ ಹೊರತಂದ ಲಿಂಕನ್ ಕಾನೂನು ದಾಖಲೆಗಳ ಸಂಗ್ರಹ ಈ ಚಿತ್ರವನ್ನು ಬದಲಿಸಿತು. ಅದರಲ್ಲಿ 5,000ಕ್ಕೂ ಹೆಚ್ಚು ಪ್ರಕರಣಗಳಿವೆ, ದಾಖಲೆಗಳ ಸಂಖ್ಯೆ ಒಂದು ಲಕ್ಷದ ಹತ್ತಿರ. ಇವನ್ನಿಟ್ಟುಕೊಂಡು ನೋಡಿದರೆ ವಕೀಲ ಲಿಂಕನ್ ಒಬ್ಬರು, ರಾಜಕಾರಣಿ ಲಿಂಕನ್ ಇನ್ನೊಬ್ಬರು ಎಂಬ ವಿಂಗಡಣೆ ನಿಲ್ಲುವುದಿಲ್ಲ. ಕೋರ್ಟಿನ ಸುತ್ತಾಟವೇ ಅವರ ರಾಜಕೀಯದ ದಾರಿಯೂ ಆಗಿತ್ತು ಎಂಬುದು ಈ ಲೇಖನದ ವಾದ.

ಲಿಂಕನ್ ವಕೀಲಿ ಆರಂಭಿಸಿದ್ದು 1837ರಲ್ಲಿ, ಸ್ಪ್ರಿಂಗ್‌ಫೀಲ್ಡಿನಲ್ಲಿ. ರಾಜ್ಯದ ರಾಜಧಾನಿಯನ್ನು ವ್ಯಾಂಡೇಲಿಯಾದಿಂದ ಆ ಊರಿಗೆ ತರುವ ಮಸೂದೆ ಅದೇ ವರ್ಷ ಅಂಗೀಕಾರವಾಗಿತ್ತು, ಅದಕ್ಕಾಗಿ ಓಡಾಡಿದ ಶಾಸಕರಲ್ಲಿ ಅವರೂ ಒಬ್ಬರು. ಆದರೆ ಕಕ್ಷಿದಾರರೆಲ್ಲ ರಾಜಧಾನಿಗೆ ಬರುವಂತಿರಲಿಲ್ಲ. ನ್ಯಾಯಾಧೀಶರೇ ವಸಂತಕ್ಕೊಮ್ಮೆ, ಶರತ್ತಿಗೊಮ್ಮೆ ಒಂದೊಂದು ಕೌಂಟಿಯ ಮುಖ್ಯ ಊರಿಗೆ ಹೋಗಿ ಕೋರ್ಟು ನಡೆಸುತ್ತಿದ್ದರು. ವಕೀಲರು ಕುದುರೆಯ ಮೇಲೋ ಬಗ್ಗಿಯಲ್ಲೋ ಹಿಂದೆ ಹೋಗುತ್ತಿದ್ದರು. ಹೀಗೆ ಒಬ್ಬ ನ್ಯಾಯಾಧೀಶರು ಸುತ್ತುವ ಪ್ರದೇಶವೇ ಸರ್ಕ್ಯೂಟು. ಲಿಂಕನ್ ತಿರುಗುತ್ತಿದ್ದ ಎಂಟನೆಯ ಸರ್ಕ್ಯೂಟಿನಲ್ಲಿ ಒಂದು ಹಂತದಲ್ಲಿ 14 ಕೌಂಟಿಗಳಿದ್ದವು, ವಿಸ್ತಾರ ಸುಮಾರು 11,000 ಚದರ ಮೈಲಿ. ಒಂದು ಸುತ್ತು ಮುಗಿಯಲು ಎರಡು ತಿಂಗಳಿಗೂ ಮೀರಿ ಹಿಡಿಯುತ್ತಿತ್ತು. 1848ರಿಂದ ಅಲ್ಲಿನ ನ್ಯಾಯಾಧೀಶರು ಡೇವಿಡ್ ಡೇವಿಸ್, ಮುನ್ನೂರು ಪೌಂಡು ಮೀರಿದ ಭಾರೀ ಆಳು. ಕೆಸರು, ಹೊಳೆ ದಾಟುವ ಪಾಡು, ಕೊಳಕು ಹೋಟೆಲು, ಕೆಟ್ಟ ಊಟ ಎಂದು ಅವರು ಹೆಂಡತಿಗೆ ಬರೆದ ಕಾಗದಗಳ ತುಂಬ ಗೊಣಗಾಟ. ಅದೇ ಊಟ ಉಂಡ ಲಿಂಕನ್ ಗೊಣಗಿದ್ದನ್ನು ಜತೆಗಾರರು ನೆನಪಿಸಿಕೊಳ್ಳುವುದಿಲ್ಲ.

ವಕೀಲರ ತಂಡ ಊರಿಗೆ ಬಂದಿಳಿದ ಹೊತ್ತಿನಿಂದಲೇ ಕೆಲಸ ಶುರು. ಸ್ಥಳೀಯ ವಕೀಲರು ಮೊದಲೇ ಹಿಡಿದಿಟ್ಟಿದ್ದ ಕೇಸುಗಳ ಕಕ್ಷಿದಾರರು ಹೋಟೆಲಿನ ಜಗಲಿಯಲ್ಲಿ ಕಾಯುತ್ತಿರುತ್ತಿದ್ದರು. ಡ್ಯಾನ್‌ವಿಲ್‌ನಲ್ಲಿ ವಾರ್ಡ್ ಹಿಲ್ ಲೇಮನ್ ಅವರಂಥವರು ಲಿಂಕನ್ನರ ಹೆಸರನ್ನು ತಮ್ಮ ಹೆಸರಿನೊಂದಿಗೆ ಜಾಹೀರು ಮಾಡಿ ಕೇಸು ಕೂಡಿಸುತ್ತಿದ್ದರು. ಕತೆ ಕೇಳುವುದು, ಅಲ್ಲೇ ವಾದಪತ್ರ ಬರೆಯುವುದು, ಮರುದಿನ ಬೆಳಿಗ್ಗೆ ಜೂರಿಯ ಮುಂದೆ ನಿಲ್ಲುವುದು. ಗ್ರಂಥ ತೆರೆದು ನೋಡುವ ಪುರಸೊತ್ತು ಕಡಿಮೆ. ಡೇವಿಸರಿಗೆ ಬೇರೆಡೆ ಕೆಲಸ ಬಿದ್ದಾಗ ಲಿಂಕನ್ನರನ್ನೇ ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಿಸಿದ್ದೂ ಹಲವು ಬಾರಿ ಉಂಟು. ರಾತ್ರಿ ಒಂದೇ ಹಾಸಿಗೆಯಲ್ಲಿ ಇಬ್ಬರು ವಕೀಲರು. ಗಾತ್ರದ ಕಾರಣ ಡೇವಿಸರಿಗೆ ಮಾತ್ರ ಪ್ರತ್ಯೇಕ ಮಂಚ. ಉಳಿದವರು ಗೊರಕೆ ಹೊಡೆಯುವಾಗ ಲಿಂಕನ್ ಮೇಣದ ಬತ್ತಿ ಹಚ್ಚಿ ಯೂಕ್ಲಿಡನ ಜ್ಯಾಮಿತಿ ಓದುತ್ತಿದ್ದರೆಂದು ಅವರ ಪಾಲುದಾರ ವಿಲಿಯಂ ಹರ್ನ್‌ಡನ್ ಹೇಳಿದ್ದಾರೆ. ಯೂಕ್ಲಿಡನ ಆರು ಪುಸ್ತಕಗಳನ್ನು ಹೆಚ್ಚುಕಡಿಮೆ ಕರಗತ ಮಾಡಿಕೊಂಡೆನೆಂದು 1860ರ ಆತ್ಮಕಥನದಲ್ಲಿ ಲಿಂಕನ್ನರೇ ಬರೆದಿರುವುದರಿಂದ ಈ ಮಾತನ್ನು ನಂಬಬಹುದು. ಸರ್ಕ್ಯೂಟಿನ ನೆನಪುಗಳನ್ನೆಲ್ಲ ಹೀಗೆ ನಂಬಲಾಗದು: ಜತೆಗೆ ತಿರುಗಿದ ವಕೀಲ ಹೆನ್ರಿ ವಿಟ್ನಿಯ ಪುಸ್ತಕ ಹೊರಬಂದದ್ದು 1892ರಲ್ಲಿ, ಹುತಾತ್ಮ ಅಧ್ಯಕ್ಷರ ಪ್ರಭಾವಳಿ ಗಟ್ಟಿಯಾದ ಮೇಲೆ.

ಕೇಸುಗಳೆಂಥವು? ಹುಲ್ಲುಗಾವಲಿನ ವಕೀಲ ಎಂದರೆ ಕೊಲೆ ಮೊಕದ್ದಮೆಯಲ್ಲಿ ಸಾಕ್ಷಿಯನ್ನು ಕಂಗೆಡಿಸುವವನು ಎಂಬ ಚಿತ್ರವೇ ಜನಪ್ರಿಯ. 1858ರ ಮೇ ತಿಂಗಳಲ್ಲಿ ಬಿಯರ್ಡ್ಸ್‌ಟೌನಿನಲ್ಲಿ ಪಂಚಾಂಗ ತೋರಿಸಿ, ಬೆಳದಿಂಗಳಲ್ಲಿ ಹೊಡೆದಾಟ ಕಂಡೆನೆಂದ ಸಾಕ್ಷಿಯ ಮಾತನ್ನು ಅಲ್ಲಾಡಿಸಿ ಡಫ್ ಆರ್ಮ್‌ಸ್ಟ್ರಾಂಗನನ್ನು ಬಿಡಿಸಿದ ಪ್ರಸಂಗ ನಿಜವೇ. ಆದರೆ ದಫ್ತರಗಳಲ್ಲಿ ಅತಿ ದೊಡ್ಡ ಪಾಲು ಸಾಲ ವಸೂಲಿಯದು. ಕೈಯಲ್ಲಿ ನಗದಿಲ್ಲದ ನಾಡಿನಲ್ಲಿ ಭೂಮಿ, ಹಂದಿ, ಅಂಗಡಿಯ ಸರಕು ಎಲ್ಲವೂ ಪ್ರಾಮಿಸರಿ ನೋಟಿನ ಮೇಲೆ ಕೈ ಬದಲಾಗುತ್ತಿದ್ದವು; ನೋಟು ಮೂರನೆಯವನ ಕೈ ಸೇರಿ ಕೋರ್ಟಿಗೆ ಬರುತ್ತಿತ್ತು. ಇದು ಲಿಂಕನ್ನರಿಗೆ ಹೊಸದಲ್ಲ. ವಕೀಲರಾಗುವ ಮೊದಲು ನ್ಯೂ ಸೇಲಂನಲ್ಲಿ ನಡೆಸುತ್ತಿದ್ದ ಅಂಗಡಿ ಮುಳುಗಿದಾಗ ಸಾಲ ಕೊಟ್ಟವರು ಅವರ ಮೇಲೇ ದಾವೆ ಹೂಡಿ, ಕುದುರೆಯನ್ನೂ ಭೂಮಾಪನದ ಸಲಕರಣೆಗಳನ್ನೂ ಹರಾಜಿಗೆ ತಂದಿದ್ದರು. ಪರಿಚಿತರೊಬ್ಬರು ಕೂಗಿ ಕೊಂಡು ಹಿಂದಿರುಗಿಸಿದರು. ಆದರೂ ವಕೀಲರಾದ ಮೇಲೆ ಅವರು ಸಾಲ ಕೊಟ್ಟವನ ಪರವೂ ನಿಂತರು, ಪಡೆದವನ ಪರವೂ ನಿಂತರು. 1847ರಲ್ಲಿ ರಾಬರ್ಟ್ ಮ್ಯಾಟ್ಸನ್ ಎಂಬ ಗುಲಾಮರ ಒಡೆಯನ ಪರ ವಾದಿಸಿ ಸೋತದ್ದೂ ಇದೇ ವಕೀಲರು. ಇದನ್ನು ಮುಚ್ಚಿಡುವುದಾಗಲಿ, ಇದೊಂದರಿಂದ ಅವರನ್ನು ಅಳೆಯುವುದಾಗಲಿ ಸರಿಯಲ್ಲ. ಯಾರು ಮೊದಲು ಬಂದರೋ ಅವರ ವಕಾಲತ್ತು ಹಿಡಿಯುವುದು ಆ ಕಾಲದ ವೃತ್ತಿಧರ್ಮವಾಗಿತ್ತು.

ಫೀಸು ಸಣ್ಣದು, ಐದು ಡಾಲರ್, ಹತ್ತು ಡಾಲರ್. ಮಾನಸಿಕ ಅಸ್ವಸ್ಥ ಯುವತಿಯೊಬ್ಬಳ ಆಸ್ತಿಯ ಕೇಸನ್ನು ಕೆಲವೇ ನಿಮಿಷಗಳಲ್ಲಿ ಗೆದ್ದು ತಾವು 250 ಡಾಲರ್ ಪಡೆದಾಗ, ಅರ್ಧ ಹಿಂದಿರುಗಿಸುವವರೆಗೆ ಲಿಂಕನ್ ತಮ್ಮ ಪಾಲು ಮುಟ್ಟಲಿಲ್ಲವೆಂದು ಲೇಮನ್ ಬರೆದಿದ್ದಾರೆ. ಉಳಿದ ವಕೀಲರ ಗಳಿಕೆಗೆ ಕಲ್ಲು ಹಾಕುತ್ತೀರೆಂದು ಡೇವಿಸ್ ಗದರಿದರಂತೆ. ಸಂಜೆ ವಕೀಲರ ಅಣಕು ಕೋರ್ಟು ದಂಡವನ್ನೂ ಹಾಕಿತಂತೆ. ಆದರೆ ಬಡವರ ವಕೀಲನೆಂಬ ಹಣೆಪಟ್ಟಿ ಅಂಟಿಸುವ ಮುನ್ನ ಇಲಿನಾಯ್ಸ್ ಸೆಂಟ್ರಲ್ ರೈಲ್ವೆಯ ಪ್ರಕರಣ ನೋಡಬೇಕು. ಕಂಪನಿಗೆ ಮೆಕ್‌ಲೀನ್ ಕೌಂಟಿ ತೆರಿಗೆ ಹಾಕುವಂತಿಲ್ಲವೆಂದು ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಗೆದ್ದುಕೊಟ್ಟ ಲಿಂಕನ್ 5,000 ಡಾಲರ್ ಫೀಸು ಕೇಳಿದರು. ಕಂಪನಿ ಕೊಡಲಿಲ್ಲ. 1857ರಲ್ಲಿ ಅದರ ಮೇಲೇ ದಾವೆ ಹೂಡಿ, ಮೊದಲೇ ಸಂದಿದ್ದ 200 ಕಳೆದು 4,800 ಡಾಲರಿನ ತೀರ್ಪು ಪಡೆದರು. ಆಮೇಲೂ ಅದೇ ಕಂಪನಿಯ ವಕೀಲರಾಗಿ ಮುಂದುವರಿದರು! ಹಣವನ್ನು ಎಂದಿನಂತೆ ಹರ್ನ್‌ಡನ್ ಜತೆ ಸಮನಾಗಿ ಹಂಚಿಕೊಂಡರು.

ಸ್ಪ್ರಿಂಗ್‌ಫೀಲ್ಡಿನ ಅವರ ಕಚೇರಿ ಅಚ್ಚುಕಟ್ಟಿನ ಮಾದರಿಯಲ್ಲ. ಕಾಗದಗಳು ಎತ್ತರದ ಟೋಪಿಯೊಳಗೆ. ಒಂದು ಕಟ್ಟಿನ ಮೇಲಂತೂ ಬೇರೆಲ್ಲೂ ಸಿಗದಿದ್ದರೆ ಇದರಲ್ಲಿ ಹುಡುಕಿ ಎಂಬರ್ಥದ ಟಿಪ್ಪಣಿ. ಕಾಂಗ್ರೆಸ್ ಸದಸ್ಯರು ರೈತರಿಗೆ ಹಂಚುತ್ತಿದ್ದ ಬೀಜಗಳು ಚೆಲ್ಲಿ, ಗುಡಿಸದ ಮೂಲೆಯ ಕಸದಲ್ಲಿ ಮೊಳಕೆಯೊಡೆದಿದ್ದವೆಂದು ಅಲ್ಲಿ ಕಲಿಯಲು ಬಂದವನೊಬ್ಬನ ನೆನಪು. ಬೆಳಿಗ್ಗೆ ಬಂದವರೇ ಸೋಫಾದ ಮೇಲೆ ಕಾಲು ಚಾಚಿ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು ಲಿಂಕನ್ನರ ಅಭ್ಯಾಸ, ಹರ್ನ್‌ಡನ್‌ಗೆ ಅದೇ ತಲೆನೋವು. ಲಿಂಕನ್ ಊರಲ್ಲಿಲ್ಲದ ತಿಂಗಳುಗಳಲ್ಲಿ ಮನೆಯ ಭಾರವೆಲ್ಲ ಹೆಂಡತಿ ಮೇರಿಯ ಮೇಲೆ. 1850ರಲ್ಲಿ ಎರಡನೆಯ ಮಗ ಎಡ್ಡಿ ತೀರಿಕೊಂಡ ಮೇಲೂ ಸರ್ಕ್ಯೂಟಿನ ತಿರುಗಾಟ ನಿಲ್ಲಲಿಲ್ಲ. ಮೇರಿಯ ಸಿಡುಕಿನ ಬಗ್ಗೆ ಪುಟಗಟ್ಟಲೆ ಬರೆದವರು ಈ ಗೈರುಹಾಜರಿಗೆ ಕೊಟ್ಟ ಜಾಗ ಕಡಿಮೆ.

ಕೋರ್ಟು ನಡೆಯುವ ವಾರವೆಂದರೆ ಇಡೀ ಕೌಂಟಿ ಊರಿಗೆ ಬರುವ ವಾರ. ಹಗಲು ವಿಚಾರಣೆಯೇ ತಮಾಷೆ, ಸಂಜೆ ರಾಜಕೀಯ ಭಾಷಣ. ಇಂದು ಜೂರಿಯಲ್ಲಿ ಕೂತ ರೈತನೇ ನಾಳೆಯ ಮತದಾರ. ಲಿಂಕನ್ನರ ವಾದಸರಣಿಯನ್ನೂ ಹಾಸ್ಯವನ್ನೂ ಅವನು ಹತ್ತಿರದಿಂದ ಕಂಡಿರುತ್ತಿದ್ದ. ಇನ್ನೊಂದು ಕಾರಣ ಸಂವಿಧಾನದ್ದು. ಆಗ ಸೆನೆಟರುಗಳನ್ನು ಆರಿಸುತ್ತಿದ್ದವರು ರಾಜ್ಯ ಶಾಸಕರು. ಆದ್ದರಿಂದ ಪ್ರತಿ ಕೌಂಟಿಯಲ್ಲೂ ಯಾರು ಯಾರ ಕಡೆ ಎಂದು ತಿಳಿದಿರುವವನಿಗೆ ಬೆಲೆ. ಈ ತಿಳಿವಳಿಕೆಯಿಂದಲೂ 1855ರಲ್ಲಿ ಲಿಂಕನ್ನರಿಗೆ ಸೆನೆಟ್ ಸ್ಥಾನ ಸಿಗಲಿಲ್ಲ, ಲೈಮನ್ ಟ್ರಂಬುಲ್ ಆಯ್ಕೆಯಾದರು. ಮುಂದಿನ ಸೆನೆಟ್ ಸ್ಪರ್ಧೆಯ ಎದುರಾಳಿ ಸ್ಟೀಫನ್ ಡಗ್ಲಸ್ ಜತೆ ಏಳು ಬಹಿರಂಗ ಚರ್ಚೆಗಳ ನಂತರವೂ 1859ರ ಜನವರಿಯಲ್ಲಿ ಶಾಸಕರ ಮತ 54ಕ್ಕೆ 46ರಂತೆ ಡಗ್ಲಸ್ ಕಡೆಗೇ ಬಿತ್ತು.

1860ರ ಮೇ ತಿಂಗಳಲ್ಲಿ ಡೆಕಟೂರಿನಲ್ಲಿ ನಡೆದ ರಿಪಬ್ಲಿಕನ್ ಪಕ್ಷದ ರಾಜ್ಯ ಸಮಾವೇಶಕ್ಕೆ ಲಿಂಕನ್ ಸೀಳಿದ್ದೆನ್ನುವ ಬೇಲಿಯ ಮರದ ದಬ್ಬೆಗಳನ್ನು ಹೊತ್ತು ತಂದರು. ರೈಲ್ವೆ ಕಂಪನಿಯ ವಕೀಲರಿಗೆ ಕಟ್ಟಿಗೆ ಸೀಳುವವನ ವೇಷ ಕಟ್ಟಿದ್ದು ಅಲ್ಲೇ. ಆದರೆ ಕೆಲವೇ ದಿನಗಳ ಬಳಿಕ ಷಿಕಾಗೋದ ರಾಷ್ಟ್ರೀಯ ಸಮಾವೇಶದಲ್ಲಿ ಅಧ್ಯಕ್ಷ ಸ್ಥಾನದ ನಾಮನಿರ್ದೇಶನ ದಕ್ಕಿಸಿದ್ದು ದಬ್ಬೆಗಳಲ್ಲ. ಒಂದೊಂದು ರಾಜ್ಯದ ಪ್ರತಿನಿಧಿಗಳನ್ನೂ ಮಾತಾಡಿಸಿ, ಎರಡನೆಯ ಆಯ್ಕೆಯಾದರೂ ಲಿಂಕನ್ ಆಗಲಿ ಎಂದು ಒಪ್ಪಿಸಿದವರ ಮುಂದಾಳು ನ್ಯಾಯಾಧೀಶ ಡೇವಿಸ್. ಜತೆಗಿದ್ದವರು ಬ್ಲೂಮಿಂಗ್ಟನ್ನಿನ ಲೆನರ್ಡ್ ಸ್ವೆಟ್, ಜೆಸ್ಸಿ ಫೆಲ್, ಡ್ಯಾನ್‌ವಿಲ್‌ನ ಲೇಮನ್. ಸರ್ಕ್ಯೂಟಿನ ಹೋಟೆಲುಗಳಲ್ಲಿ ಲಿಂಕನ್ನರೊಂದಿಗೆ ಹಾಸಿಗೆ ಹಂಚಿಕೊಂಡವರೂ ಇವರಲ್ಲಿದ್ದರು. ಲಿಂಕನ್ ಅಧ್ಯಕ್ಷರಾದ ಮೇಲೆ ಲೇಮನ್ ವಾಷಿಂಗ್ಟನ್ನಿನ ಮಾರ್ಷಲ್ ಆದರು. 1862ರಲ್ಲಿ ಡೇವಿಸ್ ಸುಪ್ರೀಂ ಕೋರ್ಟಿಗೆ ನೇಮಕಗೊಂಡರು. ಅಷ್ಟೇ ದುಡಿದ ಸ್ವೆಟ್ ಬ್ಲೂಮಿಂಗ್ಟನ್ನಿನಲ್ಲಿ ವಕೀಲಿ ಮುಂದುವರಿಸಿದರು.