ಕಾಸಿಗಿಂತ ದೊಡ್ಡ ಕಜ್ಜಾಯ

ಹಳೆಯ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕವೂ ಒಂದು ಚರಿತ್ರೆಯ ಪುಸ್ತಕವೇ. ಜಮಾ, ಖರ್ಚು, ಬಾಕಿ, ವಸೂಲಿ, ನಗದು, ರಶೀದಿ, ದಲ್ಲಾಳಿ ಇವೆಲ್ಲ ಅರಬ್ಬಿ, ಫಾರಸಿಗಳಿಂದ ಬಂದು ಕನ್ನಡವೇ ಆಗಿಹೋದ ಮಾತುಗಳು. ಸಂತೆಯ ಸುಂಕಕ್ಕೆ ನಮ್ಮ ಹಳ್ಳಿಗರು ಜಕಾತಿ ಎನ್ನುತ್ತಾರೆ; ಜಕಾತ್ ಎಂಬ ಮಾತೇ ಸರ್ಕಾರದ ತೆರಿಗೆಯ ಹೆಸರಾಗಿ ಸಂತೆಮಾಳಕ್ಕೆ ಬಂದು ನಿಂತಿದೆ. ಇವುಗಳ ಪಕ್ಕದಲ್ಲೇ ಸಾಲ, ಕಡ, ತೂಕ, ಅಳತೆ ಎಂಬ ಕನ್ನಡದ ಮಾತುಗಳೂ ಇವೆ. ಬೇರೆ ಬೇರೆ ಜಾತಿ, ಮತ, ಭಾಷೆಯ ಜನ ಒಂದೇ ಪೇಟೆಯಲ್ಲಿ ಕೊಟ್ಟು ತಂದು ಬದುಕಿದ್ದಕ್ಕೆ ಇದಕ್ಕಿಂತ ಬೇರೆ ದಾಖಲೆ ಬೇಕಾಗಿಲ್ಲ.

ಕಳೆದ ಕಾಲು ಶತಮಾನದಲ್ಲಿ ಈ ಪುಸ್ತಕಕ್ಕೆ ಡಿಸ್ಕೌಂಟ್ ಎಂಬ ಹೊಸ ಮಾತು ಸೇರಿತು. ಕಾಸಿಗೆ ತಕ್ಕ ಕಜ್ಜಾಯ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ದೊಡ್ಡ ಕಂಪನಿಗಳ ದೊಡ್ಡ ಅಂಗಡಿಗಳು ಕಾಸಿಗಿಂತ ದೊಡ್ಡ ಕಜ್ಜಾಯ ಕೊಡುತ್ತೇವೆ ಎಂದವು. ಹಾಗಾದರೆ ಮಿಕ್ಕ ಕಾಸನ್ನು ಕೊಟ್ಟವರು ಯಾರು? ಈ ಪ್ರಶ್ನೆಯನ್ನು ಮಹಾನಗರದ ಮಾಲ್‌ಗಳ ಮುಂದೆ ನಿಂತು ಕೇಳುವುದಕ್ಕಿಂತ, ಮಾಲ್‌ಗಳಿಂದ ದೂರವಿರುವ ಒಂದು ಊರಿನಿಂದ ಕೇಳುವುದು ಒಳ್ಳೆಯದು.

ಮದ್ದೂರು ಎಂದ ಕೂಡಲೇ ಎಲ್ಲರಿಗೂ ವಡೆ ನೆನಪಾಗುತ್ತದೆ. ನಾವು ಹೇಳುತ್ತಿರುವುದು ಮಂಡ್ಯ ಜಿಲ್ಲೆಯ ಆ ಮದ್ದೂರಲ್ಲ. ಇದು ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲೂಕಿನದು. ಸುಲ್ತಾನ್ ಬತ್ತೇರಿಯ ಕಡೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರ ಕಾಡಿನ ಅಂಚಿನಲ್ಲಿರುವ ಊರು. ಇಲ್ಲಿನ ಚೆಕ್‌ಪೋಸ್ಟ್ ದಾಟಿದರೆ ಕಾಡು, ಕಾಡು ದಾಟಿದರೆ ವಯನಾಡು, ಘಾಟಿ ಇಳಿದರೆ ಕೋಳಿಕ್ಕೋಡಿನ ಪೇಟೆ. ಗುಂಡ್ಲುಪೇಟೆ ಸೀಮೆಯ ತರಕಾರಿ, ಸಣ್ಣ ಈರುಳ್ಳಿ, ನೇಂದ್ರ ಬಾಳೆ ಇದೇ ದಾರಿಯಲ್ಲಿ ಮಲೆಯಾಳ ಸೀಮೆಯ ಅಡುಗೆಮನೆಗಳನ್ನು ಸೇರುತ್ತವೆ. ಓಣಂ ಹಬ್ಬದ ಬೇಡಿಕೆ ಇಲ್ಲಿನ ಬಾಳೆಯ ಬೆಲೆಯನ್ನು ಏರಿಸುತ್ತದೆ. 2009ರಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧವಾದಾಗ ಲಾರಿಗಳ ವೇಳಾಪಟ್ಟಿಯೇ ಬದಲಾಯಿತು. ಗುಂಡ್ಲುಪೇಟೆಯ ಹೆಸರಿನಲ್ಲೇ ಪೇಟೆಯಿದೆ. ಪಕ್ಕದ ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೆ ಸುತ್ತಲ ಹಳ್ಳಿಗಳ ಮೂಟೆಗಳು ಬಂದು ಇಳಿಯುತ್ತವೆ. ಮಾಲು ಇಲ್ಲಿಂದ ಹೊರಗೆ ಹೋಗುವುದು ಹೊಸದಲ್ಲ. ಹೊಸದೆಂದರೆ, ಅದನ್ನು ಕೊಳ್ಳುವವನು ಯಾರು, ಅವನು ಎಷ್ಟು ದೊಡ್ಡವನು ಎಂಬುದು.

ಇಂಥ ಸೀಮೆಯಲ್ಲಿ ಕಿರಾಣಿ ಅಂಗಡಿ ಬರೀ ಅಕ್ಕಿ ಬೇಳೆ ಮಾರುವ ಜಾಗವಾಗಿರಲಿಲ್ಲ. ಬಿತ್ತನೆಯಿಂದ ಕೊಯ್ಲಿನವರೆಗೆ ರೈತನ ಕೈಯಲ್ಲಿ ದುಡ್ಡಿರುವುದಿಲ್ಲ. ಕೂಲಿಯವನಿಗೆ ವಾರದ ಬಟವಾಡೆ ಆಗುವವರೆಗೆ ಏನೂ ಇರುವುದಿಲ್ಲ. ಆ ನಡುವಿನ ದಿನಗಳನ್ನು ದಾಟಿಸುತ್ತಿದ್ದುದು ಉದರಿ. "ಬೆಳೆ ಬಂದಾಗ ಕೊಡ್ತೀನಿ ಕಣಣ್ಣಾ, ಬರ್ಕೊ" ಎಂಬ ಮಾತಿಗೆ ಜಾಮೀನು, ಕಾಗದ ಪತ್ರ ಯಾವುದೂ ಇರಲಿಲ್ಲ. ಮುಖ ಪರಿಚಯವೇ ಜಾಮೀನು. ಗೋಡೆಯ ಮೇಲೆ "ಇಂದು ನಗದು, ನಾಳೆ ಉದರಿ" ಎಂಬ ಹಲಗೆ ತೂಗುತ್ತಿದ್ದ ಅಂಗಡಿಯಲ್ಲೇ ಉದರಿಯ ಪುಸ್ತಕ ಎಲ್ಲಕ್ಕಿಂತ ದಪ್ಪವಾಗಿರುತ್ತಿತ್ತು.

ಆದರೆ ಹಳೆಯದನ್ನೆಲ್ಲ ಚಿನ್ನವೆಂದು ಹೊಗಳುವುದು ನಮಗೆ ಬೇಕಾಗಿಲ್ಲ. ಉದರಿಯ ಬಡ್ಡಿ ಸಾಮಾನಿನ ಬೆಲೆಯಲ್ಲೇ ಅಡಗಿರುತ್ತಿತ್ತು. ತೂಕದಲ್ಲಿ ಮೋಸ ಮಾಡಿದವರಿದ್ದರು. ಸಾಲ ಕೊಟ್ಟ ಮಂಡಿಯವನಿಗೇ ಅವನು ಹೇಳಿದ ಬೆಲೆಗೆ ಫಸಲು ಹಾಕಬೇಕಾದ ರೈತರಿದ್ದರು. ಆ ಹಿಡಿತವನ್ನು ಸಡಿಲಿಸಲೆಂದೇ ನಮ್ಮ ರಾಜ್ಯ 1966ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯನ್ನು ಮಾಡಿತು. ಎಷ್ಟೋ ಊರುಗಳಲ್ಲಿ ದಲಿತರು ಅಂಗಡಿಯ ಜಗಲಿ ಹತ್ತದೆ ಕೆಳಗೇ ನಿಂತು ಸಾಮಾನು ಪಡೆಯಬೇಕಾಗಿತ್ತು. ಅಂಥವರ ಮಕ್ಕಳು ಮೈಸೂರಿನ ದೊಡ್ಡ ಅಂಗಡಿಯಲ್ಲಿ ಬುಟ್ಟಿ ಹಿಡಿದು, ಬೇಕಾದ್ದನ್ನು ತಾವೇ ಮುಟ್ಟಿ ನೋಡಿ, ಅಚ್ಚಾದ ಬೆಲೆ ಕೊಟ್ಟು, ಯಾರ ಹಂಗಿಲ್ಲದೆ ಹೊರಬಂದಾಗ ಅವರಿಗಾಗುವ ಸಮಾಧಾನ ಸಣ್ಣದಲ್ಲ. ಅಗ್ಗದ ಅಂಗಡಿಯನ್ನು ಟೀಕಿಸುವವರು ಇದನ್ನು ಮರೆತರೆ ಬಡವರು ಅವರ ಮಾತನ್ನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಅಗ್ಗದ ಅಂಗಡಿಗಳ ದೊಡ್ಡಣ್ಣ ವಾಲ್‌ಮಾರ್ಟ್. ಸ್ಯಾಮ್ ವಾಲ್ಟನ್ 1962ರಲ್ಲಿ ಅದನ್ನು ಶುರು ಮಾಡಿದ್ದು ನ್ಯೂಯಾರ್ಕಿನಲ್ಲಲ್ಲ, ಅರ್ಕಾನ್ಸಾ ರಾಜ್ಯದ ರೋಜರ್ಸ್ ಎಂಬ ಸಣ್ಣ ಪಟ್ಟಣದಲ್ಲಿ. ಅಯೋವಾ ವಿಶ್ವವಿದ್ಯಾಲಯವೊಂದರ ಅರ್ಥಶಾಸ್ತ್ರಜ್ಞ ಕೆನ್ನೆತ್ ಸ್ಟೋನ್ 1980ರ ದಶಕದ ಕೊನೆಯಿಂದ ತನ್ನ ರಾಜ್ಯದ ಪಟ್ಟಣಗಳನ್ನು ಅಧ್ಯಯನ ಮಾಡಿ ಕಂಡುಕೊಂಡದ್ದು ಇದು: ದೊಡ್ಡ ಅಂಗಡಿ ಬಂದ ಪಟ್ಟಣದಲ್ಲಿ ಒಟ್ಟು ವ್ಯಾಪಾರ ಹೆಚ್ಚುತ್ತದೆ, ಅದೇ ಸಾಮಾನು ಮಾರುವ ಅಲ್ಲಿನ ಸಣ್ಣ ಅಂಗಡಿಗಳು ಸೊರಗುತ್ತವೆ, ದೊಡ್ಡ ಅಂಗಡಿ ಇಲ್ಲದ ಸುತ್ತಲ ಸಣ್ಣ ಊರುಗಳು ಗಿರಾಕಿಗಳನ್ನು ಕಳೆದುಕೊಳ್ಳುತ್ತವೆ. ಮೈಸೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಗುಂಡ್ಲುಪೇಟೆಯವರು ಈ ಮೂರನೆಯ ಮಾತನ್ನು ಎರಡು ಸಲ ಓದಿಕೊಳ್ಳಬೇಕು.

ಕರ್ನಾಟಕಕ್ಕೆ ಈ ಚರಿತ್ರೆ ಮೆಟ್ಟಿಲು ಮೆಟ್ಟಿಲಾಗಿ ಬಂತು. 2001ರಲ್ಲಿ ಬೆಂಗಳೂರಿಗೆ ಬಿಗ್ ಬಜಾರ್ ಬಂತು. 2003ರಲ್ಲಿ ಜರ್ಮನಿಯ ಮೆಟ್ರೋ ಕಂಪನಿ ಭಾರತದ ತನ್ನ ಮೊದಲ ಸಗಟು ಮಳಿಗೆಯನ್ನು ಬೆಂಗಳೂರಿನಲ್ಲೇ ತೆರೆಯಿತು. ಸಗಟಿನ ಹೆಸರಲ್ಲಿ ಚಿಲ್ಲರೆ ಮಾರುತ್ತಾರೆಂದು ವ್ಯಾಪಾರಿಗಳು ತಕರಾರು ತೆಗೆದರು. 2012ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಚಿಲ್ಲರೆ ವ್ಯಾಪಾರದಲ್ಲಿ ಶೇಕಡ 51ರಷ್ಟು ವಿದೇಶಿ ಬಂಡವಾಳಕ್ಕೆ ಒಪ್ಪಿದಾಗ ದೇಶದಾದ್ಯಂತ ಬಂದ್ ನಡೆಯಿತು; ಡಿಸೆಂಬರಿನಲ್ಲಿ ಲೋಕಸಭೆ 253ಕ್ಕೆ 218 ಮತಗಳಿಂದ ಸರ್ಕಾರದ ಪರ ನಿಂತಿತು. ಆ ಗದ್ದಲವೆಲ್ಲ ಮುಂಬಾಗಿಲಿನದು. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಶೇಕಡ 77ರಷ್ಟು ಪಾಲನ್ನು ಕೊಂಡಾಗ ಅದು ಅಂಗಡಿಯನ್ನೇ ಕಟ್ಟದೆ ಮೊಬೈಲಿನ ಮೂಲಕ ಮನೆಯೊಳಗೆ ಬಂತು. ಮದ್ದೂರಿಗೂ ಮಾಲ್ ಬರಬೇಕಾಗಿಲ್ಲ. ಮೊಬೈಲ್ ಬಂದರೆ ಸಾಕು.

ಇದನ್ನು ಮೊದಲೇ ಊಹಿಸಿದವರು ನಮ್ಮಲ್ಲಿದ್ದರು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ 1992ರಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಯ ಮೇಲೆ, 1996ರಲ್ಲಿ ಕೆಂಟಕಿ ಚಿಕನ್ ಅಂಗಡಿಯ ಮೇಲೆ ದಾಳಿ ಮಾಡಿದಾಗ ಪತ್ರಿಕೆಗಳಲ್ಲಿ ಒಡೆದ ಗಾಜೇ ಸುದ್ದಿಯಾಯಿತು. ಬೀಜದಿಂದ ತಟ್ಟೆಯವರೆಗೆ ಒಬ್ಬನೇ ಒಡೆಯನಾದರೆ ಬೆಲೆ ಹೇಳುವ ಬಾಯಿಯೂ ಒಂದೇ ಆಗುತ್ತದೆ ಎಂಬ ಆತಂಕ ಹಿಂದೆ ಸರಿಯಿತು. ದಾಳಿಯ ದಾರಿಯನ್ನು ಒಪ್ಪದವರೂ ಆ ಆತಂಕವನ್ನು ತಳ್ಳಿಹಾಕುವಂತಿಲ್ಲ. ಚಾಮರಾಜನಗರದ ಬಳಿ ಹೊಂಡರಬಾಳಿನಲ್ಲಿರುವ ರೈತಸಂಘದ ಅಮೃತಭೂಮಿ ಆ ಚಿಂತನೆಯ ಕುರುಹಾಗಿ ಉಳಿದಿದೆ.

ಈಗ ಮಿಕ್ಕ ಕಾಸಿನ ಲೆಕ್ಕಕ್ಕೆ ಬರೋಣ. ಮೊದಲನೆಯದು ಕೊಳ್ಳುವ ಬೆಲೆ. ಲಾರಿಗಟ್ಟಲೆ ಕೊಳ್ಳುವವನಿಗೆ ಕಂಪನಿ ಕೊಡುವ ದರ, ಪೆಟ್ಟಿಗೆ ಲೆಕ್ಕದಲ್ಲಿ ಕೊಳ್ಳುವ ಕಿರಾಣಿಯವನಿಗೆ ಸಿಗುವುದಿಲ್ಲ. ಈ ತಾರತಮ್ಯದ ವಿರುದ್ಧವೇ 2021ರ ಕೊನೆಯಲ್ಲಿ ದೇಶದ ವಿತರಕರ ಒಕ್ಕೂಟ ದನಿಯೆತ್ತಿತು. 2022ರ ಜನವರಿಯಲ್ಲಿ ಮಹಾರಾಷ್ಟ್ರದ ವಿತರಕರು ಕೋಲ್ಗೇಟ್ ಸಾಮಾನುಗಳ ಪೂರೈಕೆಯನ್ನು ತಡೆದರು. ದೊಡ್ಡ ಅಂಗಡಿಯವನು ಮಾರುವ ಬೆಲೆಗಿಂತ ಸಣ್ಣವನು ಕೊಳ್ಳುವ ಬೆಲೆಯೇ ಹೆಚ್ಚಾದರೆ, ಸೋತದ್ದು ಅವನ ಜಾಣತನವಲ್ಲ, ಅವನ ಗಾತ್ರ.

ಎರಡನೆಯದು ಉದರಿ. ಕಿರಾಣಿಯವನು ಬಡ ಗಿರಾಕಿಗೆ ಉದರಿ ಕೊಡುತ್ತಾನೆ. ದೊಡ್ಡ ಅಂಗಡಿ ಗಿರಾಕಿಯಿಂದ ಕೂಡಲೇ ಹಣ ಎಣಿಸಿಕೊಂಡು, ಸಾಮಾನು ಒದಗಿಸಿದವನಿಗೆ ವಾರಗಟ್ಟಲೆ ಬಿಟ್ಟು ಕೊಡುವುದುಂಟು. ಎಂದರೆ ಇಲ್ಲಿ ಉದರಿ ಕೊಡುವವನು ಸಣ್ಣವನು, ಪಡೆಯುವವನು ದೊಡ್ಡವನು. ಎಲ್ಲರೂ ಹೀಗಲ್ಲ, ಬೇಗ ಹಣ ಕೊಟ್ಟು ಅದಕ್ಕೆ ಬದಲಾಗಿ ಬೆಲೆ ಇಳಿಸಿಕೊಳ್ಳುವ ಅಂಗಡಿಗಳೂ ಇವೆ. ಆದರೂ ಸಣ್ಣ ಉದ್ದಿಮೆದಾರರ ಬಾಕಿಯನ್ನು 45 ದಿನದೊಳಗೆ ತೀರಿಸಬೇಕೆಂದು 2006ರಲ್ಲಿ ಕಾನೂನೇ ಮಾಡಬೇಕಾಯಿತು ಎಂಬುದರಿಂದ ರೋಗ ಎಷ್ಟು ಹಳೆಯದೆಂದು ತಿಳಿಯುತ್ತದೆ. 2022ರ ಫೆಬ್ರವರಿಯಲ್ಲಿ ಬಿಗ್ ಬಜಾರಿನ ನೂರಾರು ಮಳಿಗೆಗಳು ರಿಲಯನ್ಸ್ ವಶವಾದವು. ಅವುಗಳನ್ನು ನಡೆಸುತ್ತಿದ್ದ ಫ್ಯೂಚರ್ ರಿಟೇಲ್ ಆ ವರ್ಷವೇ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. 2024ರಲ್ಲಿ ಅದನ್ನು ಮುಚ್ಚಿ ಆಸ್ತಿ ಮಾರುವಂತೆ ಆದೇಶವಾಯಿತು. ಅಂಗಡಿಗೆ ಹೊಸ ಹೆಸರಿನ ಫಲಕ ಬಂತು. ಸಾಲ ಕೊಟ್ಟ ಬ್ಯಾಂಕುಗಳೂ ಸಾಮಾನು ಕೊಟ್ಟವರೂ ಬಾಕಿಗಾಗಿ ಸರದಿಯಲ್ಲಿ ನಿಂತರು. ಆ ಸರದಿಯಲ್ಲಿ ಸಾಮಾನು ಕೊಟ್ಟವರ ಜಾಗ ಹಿಂದೆ. ಮೆಟ್ರೋದ ಭಾರತದ ವ್ಯಾಪಾರವನ್ನೂ 2023ರಲ್ಲಿ ರಿಲಯನ್ಸೇ ಕೊಂಡಿತು.

ಮೂರನೆಯದು ಬೆವರು. 2012ರ ನವೆಂಬರಿನಲ್ಲಿ ಢಾಕಾದ ತಜ್ರೀನ್ ಕಾರ್ಖಾನೆ ಹೊತ್ತಿ ಉರಿದು ನೂರಕ್ಕೂ ಹೆಚ್ಚು ಕಾರ್ಮಿಕರು ಸತ್ತಾಗ ಬೂದಿಯ ನಡುವೆ ವಾಲ್‌ಮಾರ್ಟ್‌ಗೆ ಹೊಲಿದ ಬಟ್ಟೆಗಳು ಸಿಕ್ಕವು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2020ರ ಜೂನ್‌ನಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿ ಎಚ್ ಅಂಡ್ ಎಂ ಎಂಬ ಜಾಗತಿಕ ಮಳಿಗೆಗೆ ಬಟ್ಟೆ ಹೊಲಿಯುತ್ತಿದ್ದ ಗೋಕುಲದಾಸ್ ಕಾರ್ಖಾನೆ ಬಾಗಿಲು ಹಾಕಿದಾಗ ಸಾವಿರಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ಹೆಂಗಸರು, ಗೇಟಿನ ಮುಂದೆ ಕುಳಿತರು. ಅವರ ಸಂಘ ಪಟ್ಟು ಬಿಡದೆ ನಿಂತದ್ದರಿಂದ 2021ರಲ್ಲಿ ಮತ್ತೆ ಕೆಲಸ ಕೊಡುವ ಒಪ್ಪಂದವಾಯಿತು.

ಅಂಗಡಿಯೊಳಗಿನವರ ಕಥೆಯೂ ಇದೆ. ಮದ್ದೂರಿನ ರಸ್ತೆ ಕೊನೆಗೆ ಮುಟ್ಟುವ ಕೋಳಿಕ್ಕೋಡಿನಲ್ಲಿ, ಮಿಠಾಯಿ ತೆರುವಿನ ಅಂಗಡಿಗಳ ಮಾರಾಟದ ಹೆಂಗಸರು ದಿನವಿಡೀ ನಿಂತೇ ಇರಬೇಕಾಗಿತ್ತು. ಗಿರಾಕಿ ಇಲ್ಲದಿದ್ದರೂ ಕೂರುವಂತಿರಲಿಲ್ಲ. ವಿಜಿ ಎಂಬ ದರ್ಜಿ ಹೆಂಗಸಿನ ಮುಂದಾಳತ್ವದಲ್ಲಿ 'ಪೆಣ್ಕೂಟ್ಟು' ಎಂಬ ಸಂಘಟನೆ ಕಟ್ಟಿ ಅವರು ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ಸರ್ಕಾರ ಕಾಯ್ದೆ ತಿದ್ದಿ ಅವರಿಗೆ ಕೂರುವ ಹಕ್ಕು ಕೊಟ್ಟಿತು. ಒಂದು ಸ್ಟೂಲಿಗಾಗಿ ಕಾನೂನು ಬೇಕಾದ ಕಾಲ ಇದು. 2021ರಲ್ಲಿ ನಮ್ಮ ರಾಜ್ಯ ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಅಂಗಡಿಗಳು ದಿನದ 24 ಗಂಟೆಯೂ ತೆರೆದಿರಬಹುದೆಂದು ಆದೇಶಿಸಿತು. ಮನೆಬಾಗಿಲಿಗೆ ಸಾಮಾನು ತರುವ ಹುಡುಗರಿಗಾಗಿ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆಯನ್ನೂ ತಂದಿತು. ಕಂಪನಿಗಳಿಂದ ಶುಲ್ಕ ಪಡೆದು ಅವರ ಕಲ್ಯಾಣಕ್ಕೆ ನಿಧಿ ಕಟ್ಟುವ ಈ ಹೆಜ್ಜೆ ಸ್ವಾಗತಾರ್ಹ.

ಹಾಗಾದರೆ ದಾರಿ ಯಾವುದು? ದೊಡ್ಡ ಅಂಗಡಿಗೆ ಬೀಗ ಹಾಕುವುದೂ ಅಲ್ಲ, ಕಿರಾಣಿಯವನ ಮೇಲೆ ಕನಿಕರ ತೋರುವುದೂ ಅಲ್ಲ. ಸಣ್ಣವರು ಸೇರಿ ದೊಡ್ಡವರಾಗುವ ಉಪಾಯವನ್ನು ಕರ್ನಾಟಕ ಹಿಂದೆಯೇ ಕಂಡುಕೊಂಡಿತ್ತು. ತೋಟಗಾರಿಕೆಯ ಡಾ. ಎಂ.ಎಚ್. ಮರಿಗೌಡರು 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುಮಾಡಿದ್ದೇ ಮುಂದೆ ಹಾಪ್‌ಕಾಮ್ಸ್ ಆಯಿತು. ನಂದಿನಿ ಹಾಲು ಹಳ್ಳಿಯ ಹೆಂಗಸಿನ ಲೋಟದ ಲೆಕ್ಕವನ್ನು ನಗರದ ಪೊಟ್ಟಣಕ್ಕೆ ಜೋಡಿಸಿತು. ಹಾಲಿಗೆ ಆದದ್ದು ತೆರಕಣಾಂಬಿಯ ತರಕಾರಿಗೆ ಏಕೆ ಆಗಬಾರದು? ಗುಂಡ್ಲುಪೇಟೆ ತಾಲೂಕಿನ ಕಿರಾಣಿಯವರು ಒಟ್ಟಾಗಿ ಒಂದು ಲಾರಿ ಸಾಮಾನನ್ನು ಏಕೆ ಕೊಳ್ಳಬಾರದು? ಶೆಟ್ಟರ ಅಂಗಡಿ, ಸಾಬರ ಅಂಗಡಿ ಎಂಬ ಭೇದವನ್ನು ಡಿಸ್ಕೌಂಟ್ ಮಾಡುವುದಿಲ್ಲ. ಮುಚ್ಚಿಸುವಾಗ ಎರಡನ್ನೂ ಮುಚ್ಚಿಸುತ್ತದೆ. ಉಳಿಯಬೇಕಾದರೂ ಎರಡೂ ಒಟ್ಟಿಗೇ ಉಳಿಯಬೇಕು.

2020ರ ಲಾಕ್‌ಡೌನಿನಲ್ಲಿ ಕೂಲಿ ನಿಂತುಹೋದಾಗ ಎಷ್ಟೋ ಮನೆಗಳ ಒಲೆ ಉರಿದದ್ದು ಪಡಿತರದ ಅಕ್ಕಿಯಿಂದ, ಮೂಲೆಯಂಗಡಿಯ ಉದರಿಯಿಂದ. ಅಂಥ ದಿನ ಮತ್ತೆ ಬಾರದಿರಲಿ. ಬಂದರೆ, "ಬರ್ಕೊ ಅಣ್ಣಾ" ಎಂದು ಕೇಳಲು ನಮ್ಮ ಬೀದಿಯಲ್ಲಿ ಒಂದು ಮುಖ ಇರುತ್ತದೆಯೇ ಎಂಬುದನ್ನು ಇವತ್ತು ನಾವು ಎಲ್ಲಿ ಕೊಳ್ಳುತ್ತೇವೆ ಎಂಬುದೇ ತೀರ್ಮಾನಿಸುತ್ತದೆ.